ಬಾಡಿಗೆ ಸೈಕಲ್ಲಿಗೆ ಜಾಗ ಕೊಡಿ, ಆದರೆ ಫುಟ್‌ಪಾತನ್ನಲ್ಲ

ಹೋದ ತಿಂಗಳು ಒಂದೇ ವಾರದಲ್ಲಿ ಎರಡು ಮನವಿಪತ್ರಗಳು ನನ್ನ ಸಹಿಗಾಗಿ ಬಂದವು. ಎರಡರ ವಿಷಯವೂ ಒಂದೇ. ಬೆಂಗಳೂರಿನ ಬೀದಿಗಳಲ್ಲಿ ಆ್ಯಪ್ ಮೂಲಕ ಬಾಡಿಗೆಗೆ ಸಿಗುವ ಸೈಕಲ್ಲುಗಳು, ಮತ್ತು ಈಗ ಅವುಗಳ ಜಾಗಕ್ಕೆ ಬಂದು ಕೂತಿರುವ ಪೆಡಲ್ ಇಲ್ಲದ ಪುಟ್ಟ ವಿದ್ಯುತ್ ಗಾಡಿಗಳು. ಮೊದಲ ಪತ್ರ ನಮ್ಮ ಬಡಾವಣೆಯ ನಿವಾಸಿಗಳ ಸಂಘದ್ದು. ಎಲ್ಲೆಂದರಲ್ಲಿ ಬಿದ್ದಿರುವ ಇವುಗಳನ್ನು ಲಾರಿಗೆ ತುಂಬಿ ಸಾಗಿಸಬೇಕು, ಬಡಾವಣೆಯೊಳಗೆ ಇವುಗಳಿಗೆ ಪ್ರವೇಶವೇ ಇರಬಾರದು ಅಂತ. ಎರಡನೆಯದು ಸೈಕಲ್ ತುಳಿಯುವ ನನ್ನ ಗೆಳೆಯರದ್ದು. ಕಾರುಗಳನ್ನು ಬಿಟ್ಟು ಪಾಪದ ಸೈಕಲ್ಲಿನ ಮೇಲೇಕೆ ಕಣ್ಣು, ನಿಲುಗಡೆಗೆ ಯಾವ ನಿಯಮವೂ ಬೇಡ, ಬಳಸುವವನು ಎಲ್ಲಿ ಇಳಿಯುತ್ತಾನೋ ಅಲ್ಲೇ ಬಿಡುವುದು ಅವನ ಸ್ವಾತಂತ್ರ್ಯ ಅಂತ.

ನಾನು ಎರಡಕ್ಕೂ ಸಹಿ ಹಾಕಲಿಲ್ಲ. ಸಂಘದವರು ನನ್ನನ್ನು ಆ ಕಡೆಯವನು ಅಂದುಕೊಂಡರು, ಗೆಳೆಯರು ಈ ಕಡೆಯವನು ಅಂದುಕೊಂಡರು. ಇಬ್ಬರಿಗೂ ನಿಂತಲ್ಲೇ ಉತ್ತರ ಕೊಡಲು ಆಗಲಿಲ್ಲ. ಹಾಗಾಗಿ ಈ ಬರಹ.

ಮೊದಲು ಸಂಘದವರ ವಿಷಯ ಮುಗಿಸಿಬಿಡುತ್ತೇನೆ, ಅದು ಸುಲಭದ್ದು. ಪತ್ರ ಹಿಡಿದು ಬಂದವರು ಕಾರಿನಲ್ಲಿ ಬಂದಿದ್ದರು. ಎರಡು ಚಕ್ರ ರಸ್ತೆಯ ಮೇಲೆ, ಎರಡು ಚಕ್ರ ಫುಟ್‌ಪಾತಿನ ಮೇಲೆ ಇಟ್ಟು, ಇಂಡಿಕೇಟರ್ ಮಿನುಗಿಸುತ್ತಾ ಬಿಟ್ಟು ಬಂದಿದ್ದರು. ಆ ಹೊತ್ತಿಗೆ ಶಾಲೆ ಬಿಟ್ಟ ಮಕ್ಕಳು ಕಾರನ್ನು ಬಳಸಿಕೊಂಡು ರಸ್ತೆಗಿಳಿದು ಹೋಗುತ್ತಿದ್ದವು. ನಾನು ಅದನ್ನು ತೋರಿಸಿದೆ. “ಅಯ್ಯೋ, ಐದು ನಿಮಿಷ ಸಾರ್” ಅಂದರು. ಫುಟ್‌ಪಾತಿನ ಮೇಲೆ ವಾಹನ ನಿಲ್ಲಿಸಬಾರದು ಅನ್ನುವುದು ಮೋಟಾರು ವಾಹನ ಚಾಲನಾ ನಿಯಮಗಳಲ್ಲಿ ಬರೆದೇ ಇದೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಕಾರು ನಿಂತರೆ ಅದು ಊರಿನ ಸಹಜ ಸ್ಥಿತಿ, ಒಂದು ಸೈಕಲ್ ಒರಗಿದರೆ ಅದು ಅಂದಗೇಡು! ಈ ನೋಟ ಇರುವವರೆಗೆ ಅಂಥ ಪತ್ರಕ್ಕೆ ನನ್ನ ಸಹಿ ಸಿಗುವುದಿಲ್ಲ.

ಗೆಳೆಯರ ಪತ್ರ ಮಾತ್ರ ನನಗೆ ಕಷ್ಟವಾಯಿತು. ಯಾಕೆಂದರೆ ಏಳೆಂಟು ವರ್ಷದ ಹಿಂದೆ ನಾನೂ ಅದೇ ಮಾತನ್ನು ಆಡುತ್ತಿದ್ದೆ.

ನಾನು ತಿಪಟೂರಿನ ಕಡೆಯವನು. ನಾವು ಹುಡುಗರಾಗಿದ್ದಾಗ ಊರಿನಲ್ಲಿ ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ನಿಮ್ಮಲ್ಲಿ ಕೆಲವರ ಅಪ್ಪ-ಅಮ್ಮ ಖಂಡಿತ ಆ ಸೈಕಲ್ಲುಗಳ ಮೇಲೇ ಮಂಡಿ ಕೆತ್ತಿಸಿಕೊಂಡು ಸೈಕಲ್ ಕಲಿತಿರುತ್ತಾರೆ. ಅಂಗಡಿಯಣ್ಣ ರೂಲ್ಡ್ ನೋಟ್‌ಬುಕ್ಕಿನಲ್ಲಿ ನಮ್ಮ ಹೆಸರು, ಅಪ್ಪನ ಹೆಸರು, ಸೈಕಲ್ ನಂಬರು, ತೆಗೆದುಕೊಂಡ ಹೊತ್ತು ಬರೆಯುತ್ತಿದ್ದ. ಅರ್ಧ ಗಂಟೆ ಮುಗಿಯುತ್ತಾ ಬಂದಂತೆ ಎದೆ ಡವಗುಟ್ಟುತ್ತಿತ್ತು. ಎಲ್ಲಿದ್ದರೂ ಓಡಿಸಿಕೊಂಡು ಬಂದು ಅದೇ ಅಂಗಡಿಯ ಮುಂದೆ, ಅದೇ ಸಾಲಿನಲ್ಲಿ, ಸ್ಟ್ಯಾಂಡ್ ಹಾಕಿ ನಿಲ್ಲಿಸಬೇಕು. ರಾತ್ರಿ ಅಣ್ಣ ಅಷ್ಟನ್ನೂ ಒಳಗೆ ತೆಗೆದುಕೊಂಡು ಬಾಗಿಲು ಹಾಕುತ್ತಿದ್ದ. ಆ ಅಂಗಡಿಗೆ ಅವನು ಬಾಡಿಗೆ ಕಟ್ಟುತ್ತಿದ್ದ ಅನ್ನುವುದು ನನಗೆ ಆಗ ಹೊಳೆದಿರಲಿಲ್ಲ. ಈಗ ಅದೇ ಈ ಇಡೀ ವಾದದ ಮುಖ್ಯ ಸಂಗತಿ ಅನ್ನಿಸುತ್ತಿದೆ.

2017ರ ಕೊನೆಗೆ, 2018ರಲ್ಲಿ, ಬೆಂಗಳೂರಿಗೆ ಆ್ಯಪ್ ಸೈಕಲ್ಲುಗಳು ಬಂದವು. ಒಂದರ ಹಿಂದೊಂದು ಕಂಪನಿ. ಫೋನಿನಲ್ಲಿ ಚೌಕುಳಿ ಕೋಡ್ ಸ್ಕ್ಯಾನ್ ಮಾಡಿದರೆ ಬೀಗ ಟಕ್ ಅಂತ ತೆರೆಯುತ್ತಿತ್ತು. ಮೆಟ್ರೊ ಇಳಿದು ಕಾಲೇಜಿಗೆ ಹೋಗುವ ಒಂದೂವರೆ ಕಿಲೋಮೀಟರ್ ದಾರಿಗೆ ಅದಕ್ಕಿಂತ ಸುಖ ಬೇರೆ ಇರಲಿಲ್ಲ. ಆಟೊದವರ ಜೊತೆ ಜಗಳವಿಲ್ಲ, ಬಸ್ಸಿಗೆ ಕಾಯುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಸುಖವೆಂದರೆ, ಹಿಂತಿರುಗಿಸಬೇಕಾದ ಅಂಗಡಿಯೇ ಇಲ್ಲ. ಕಾಲೇಜಿನ ಗೇಟಿನ ಪಕ್ಕ, ಫುಟ್‌ಪಾತಿನ ಮೇಲೆ, ಹೊಂಗೆ ಮರಕ್ಕೆ ಒರಗಿಸಿ ಬೀಗ ಹಾಕಿದರೆ ಮುಗಿಯಿತು. ಬೆಲ್ ಹೊಡೆಯುವಷ್ಟರಲ್ಲಿ ತರಗತಿಯಲ್ಲಿರುತ್ತಿದ್ದೆ.

ನಮ್ಮ ಕಾಲೇಜಿನಲ್ಲಿ ದೃಷ್ಟಿಯಿಲ್ಲದ ಒಬ್ಬ ಹಿರಿಯ ಅಧ್ಯಾಪಕರಿದ್ದರು, ಈಗ ನಿವೃತ್ತರು. ಬಸ್‌ಸ್ಟಾಪಿನಿಂದ ಒಬ್ಬರೇ ನಡೆದು ಬರುತ್ತಿದ್ದರು, ಬಿಳಿ ಕೋಲಿನ ಜೊತೆ. ಒಂದು ದಿನ ಸ್ಟಾಫ್ ರೂಮಿಗೆ ಬಂದಾಗ ಅವರ ಅಂಗಿಯ ಒಂದು ಪಕ್ಕ ಹರಿದಿತ್ತು, ಪಕ್ಕೆಯ ಹತ್ತಿರ ಗಾಯವಾಗಿತ್ತು. ಏನಾಯಿತು ಅಂತ ಕೇಳಿದೆವು. ಸೈಕಲ್ ಅಂದರು. ಯಾವನೋ ಗುದ್ದಿಕೊಂಡು ಹೋದನಾ ಅಂತ ಒಬ್ಬರು ಸಿಟ್ಟಾದರು. “ಇಲ್ಲಪ್ಪ, ನಿಂತಿದ್ದ ಸೈಕಲ್ಲು” ಅಂದು, ಪಾಠ ಹೇಳುವ ಧಾಟಿಯಲ್ಲೇ ವಿವರಿಸಿದರು. ಕೋಲು ನೆಲವನ್ನು ನೋಡುತ್ತದೆ. ಕಂಬ ನೆಲದಿಂದಲೇ ಏಳುತ್ತದೆ, ಕೋಲಿಗೆ ಸಿಗುತ್ತದೆ. ಗೋಡೆ ಸಿಗುತ್ತದೆ. ಕಾರು ಸಹ ಅಷ್ಟು ಅಗಲವಿರುವುದರಿಂದ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ಸೈಕಲ್ ಹಾಗಲ್ಲ. ಎರಡು ಚಕ್ರಗಳ ನಡುವೆ ಕೋಲು ತೂರಿ ಹೋಗುತ್ತದೆ, ದಾರಿ ಖಾಲಿ ಇದೆ ಅಂತ ಹೇಳುತ್ತದೆ, ಮುಂದಿನ ಹೆಜ್ಜೆಗೆ ಹ್ಯಾಂಡಲ್ ಬಂದು ಪಕ್ಕೆಗೆ ತಿವಿಯುತ್ತದೆ. “ನಿನ್ನೆಯವರೆಗೆ ಆ ಮರದ ಹತ್ತಿರ ಏನೂ ಇರಲಿಲ್ಲ. ಅದೇ ತೊಂದರೆ. ಇವು ದಿನಾ ಜಾಗ ಬದಲಿಸುತ್ತವೆ” ಅಂದರು.

ಹೊಂಗೆ ಮರ. ಅಂದು ಬೆಳಿಗ್ಗೆ ಅಲ್ಲಿ ಮೂರು ಸೈಕಲ್ಲುಗಳಿದ್ದವು, ಅದರಲ್ಲಿ ಒಂದು ನಾನು ಬಿಟ್ಟದ್ದು. ಅವರಿಗೆ ತಿವಿದದ್ದು ನನ್ನದೇ ಅಂತ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ. ಅವರಿಗೆ ಇದನ್ನು ಹೇಳಲಿಲ್ಲ. ನಿವೃತ್ತಿಯ ದಿನವೂ ಹೇಳಲಿಲ್ಲ.

ಆದ್ದರಿಂದ, ಗೆಳೆಯರೇ, “ಎಲ್ಲಿ ಬೇಕಾದರೂ ಬಿಡುವ ಸ್ವಾತಂತ್ರ್ಯ” ಅಂತ ನೀವು ಬರೆದಿರುವಲ್ಲಿ ನನಗೆ ಆ ಹರಿದ ಅಂಗಿ ಕಾಣಿಸುತ್ತದೆ. ಸೈಕಲ್ ಒಳ್ಳೆಯದು ಅನ್ನುವುದಕ್ಕೂ, ಅದನ್ನು ಬಿಡುವ ಜಾಗ ಯಾವುದಾದರೂ ಆಗಬಹುದು ಅನ್ನುವುದಕ್ಕೂ ಸಂಬಂಧವಿಲ್ಲ. ತುಳಿದು ಬಂದಷ್ಟು ಹೊತ್ತು ಅದು ಹೊಗೆ ಬಿಡಲಿಲ್ಲ, ನಿಜ. ನಿಲ್ಲಿಸಿದ ಮೇಲೆ ಅದೂ ಒಂದು ಸಾಮಾನು. ಯಾರದೋ ದಾರಿಯಲ್ಲಿ ಬಿದ್ದಿರುವ ಸಾಮಾನು.

ಇನ್ನು ಆ ಸಾಮಾನು ಯಾರದು ಅನ್ನುವುದಕ್ಕೆ ಬರೋಣ. ನನ್ನ ಸ್ವಂತ ಸೈಕಲ್ಲಾದರೆ ರಾತ್ರಿ ಮನೆಗೆ ಹೋಗುತ್ತದೆ, ಮಳೆ ಬಂದರೆ ಒಳಗೆ ಬರುತ್ತದೆ. ಬಾಡಿಗೆ ಸೈಕಲ್ಲಿಗೆ ಮನೆಯಿಲ್ಲ. ತಿಪಟೂರಿನ ಅಣ್ಣನ ಬಳಿ ಇದ್ದದ್ದು ಹತ್ತು ಹದಿನೈದು ಸೈಕಲ್, ಅವನ್ನು ಇಡಲು ಅವನಿಗೆ ಅಂಗಡಿ ಬೇಕಿತ್ತು. ಸಾವಿರಗಟ್ಟಲೆ ಗಾಡಿ ಇಟ್ಟುಕೊಂಡ ಕಂಪನಿಗೆ ಅಂಗಡಿ ಬೇಡ! ಗೋದಾಮು ಬೇಡ, ಶೋರೂಮ್ ಬೇಡ. ಊರಿನ ಫುಟ್‌ಪಾತೇ ಅದರ ಅಂಗಡಿ ಮುಂಗಟ್ಟು. ಇದನ್ನು ಹೊಸ ಕಾಲದ ಜಾಣತನ ಅಂತ ಪತ್ರಿಕೆಗಳಲ್ಲಿ ಹೊಗಳಿದ್ದೂ ಆಯಿತು.

ಅದೇ ಫುಟ್‌ಪಾತಿನ ಮೇಲೆ ಗೋಣಿಚೀಲ ಹಾಸಿ ಸೊಪ್ಪು ಮಾರುವ ಹೆಂಗಸಿನ ಸ್ಥಿತಿ ನೋಡಿ. ಬೀದಿ ವ್ಯಾಪಾರಿಗಳಿಗೆ 2014ರ ಕೇಂದ್ರ ಕಾಯ್ದೆ ಇದೆ. ಅವಳ ಹೆಸರು ಸಮೀಕ್ಷೆಯಲ್ಲಿ ಬರಬೇಕು, ಮಾರಾಟದ ಪ್ರಮಾಣಪತ್ರ ಸಿಗಬೇಕು, ಮಾರಾಟ ವಲಯ ಯಾವುದು ಅಂತ ತೀರ್ಮಾನವಾಗಬೇಕು. ಇಷ್ಟೆಲ್ಲ ಇದ್ದೂ ಒಂದು ಬೆಳಿಗ್ಗೆ ಲಾರಿ ಬಂದರೆ ಅವಳ ಸೊಪ್ಪು ಲಾರಿಯಲ್ಲಿ. ನಾಲ್ಕಡಿ ಜಾಗಕ್ಕೆ ಅವಳಿಂದ ಇಷ್ಟು ಕಾಗದ ಕೇಳುವ ನಗರ, ಬಂಡವಾಳ ಹೂಡಿ ವ್ಯವಹಾರ ಮಾಡುವ ಕಂಪನಿಯಿಂದ ಅಷ್ಟನ್ನೂ ಕೇಳಬಾರದು ಅಂದರೆ ಅದು ಯಾವ ಪ್ರಗತಿಪರತೆ? ನಿಯಮ ಬೇಡ ಅನ್ನುವ ಪತ್ರಕ್ಕೆ ಸಹಿ ಹಾಕಿದ ಗೆಳೆಯರಲ್ಲಿ ಮೂವರು ಬೀದಿ ವ್ಯಾಪಾರಿಗಳ ಪರ ಮೆರವಣಿಗೆಯಲ್ಲಿ ನನ್ನ ಜೊತೆ ನಡೆದವರು. ಅದಕ್ಕೇ ಬೇಸರ.

“ಆಮ್‌ಸ್ಟರ್‌ಡ್ಯಾಮ್ ನೋಡು” ಅನ್ನುತ್ತಾರೆ ಅವರು. ನೋಡೋಣ. ಹಂಚಿಕೊಂಡು ತುಳಿಯುವ ಸೈಕಲ್ಲಿನ ಕನಸು ಹುಟ್ಟಿದ್ದೇ ಅಲ್ಲಿ, 1965ರಲ್ಲಿ. ಪ್ರೊವೊ ಎಂಬ ತರುಣರ ಗುಂಪು ಕೆಲವು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಬೀಗವಿಲ್ಲದೆ ಬೀದಿಯಲ್ಲಿ ಬಿಟ್ಟಿತು. ಯಾರು ಬೇಕಾದರೂ ತುಳಿಯಿರಿ, ಬೇಕಾದಲ್ಲಿ ಬಿಡಿ. ಬೀಗ ಹಾಕದ ಸೈಕಲ್ ಬೀದಿಯಲ್ಲಿಡುವುದು ನಿಯಮಕ್ಕೆ ವಿರುದ್ಧ ಅಂತ ಪೊಲೀಸರು ಅವನ್ನು ಎತ್ತಿಕೊಂಡು ಹೋದರು. ಈ ಕತೆಯನ್ನು ಹೇಳಿ ಗೆಳೆಯರು ಅಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನ ಭಾಗವೂ ಇದೆ. 2017ರಲ್ಲಿ ಆ್ಯಪ್ ಕಂಪನಿಗಳು ತಮ್ಮ ಸೈಕಲ್ಲುಗಳನ್ನು ಅದೇ ಊರಿನಲ್ಲಿ ತಂದು ಸುರಿದಾಗ, ಆಮ್‌ಸ್ಟರ್‌ಡ್ಯಾಮ್ ನಗರಾಡಳಿತ ಅವನ್ನು ಸಾರ್ವಜನಿಕ ಜಾಗದಿಂದ ತೆಗೆಸಲು ತೀರ್ಮಾನಿಸಿತು. ಊರಿನ ಜನ ತಮ್ಮ ಸೈಕಲ್ ನಿಲ್ಲಿಸಲೆಂದು ಕಟ್ಟಿದ ಸ್ಟ್ಯಾಂಡುಗಳನ್ನು ಕಂಪನಿಗಳು ಬಿಟ್ಟಿಯಾಗಿ ತುಂಬಿಸುತ್ತಿವೆ ಅನ್ನುವುದು ಕಾರಣ. ಸೈಕಲ್ಲನ್ನು ಅಷ್ಟು ಪ್ರೀತಿಸುವ ಊರಿಗೆ ಪ್ರೀತಿಗೂ ವ್ಯಾಪಾರಕ್ಕೂ ವ್ಯತ್ಯಾಸ ಗೊತ್ತಿತ್ತು.

ಚೀನಾದ ಕತೆ ನಿಮಗೆ ಫೋಟೊಗಳಿಂದ ಗೊತ್ತಿರಬಹುದು. 2014ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕ್ಯಾಂಪಸ್ಸಿನಲ್ಲಿ ಶುರುಮಾಡಿದ ‘ಓಫೊ’ ಮೂರ್ನಾಲ್ಕು ವರ್ಷದಲ್ಲಿ ದೇಶ ದಾಟಿತು. ಪೈಪೋಟಿಗೆ ಬಿದ್ದ ಕಂಪನಿಗಳು ಸೈಕಲ್ ಸುರಿದದ್ದೇ ಸುರಿದದ್ದು. 2017ರಲ್ಲಿ ಶಾಂಘೈ ಇನ್ನು ಹೊಸ ಸೈಕಲ್ ಬೇಡ ಅಂತ ತಡೆ ಹಾಕಿತು. ಆ ಹೊತ್ತಿಗೆ ಹಳದಿ, ಕಿತ್ತಳೆ, ನೀಲಿ ಸೈಕಲ್ಲುಗಳ ಗುಡ್ಡಗಳೇ ಎದ್ದಿದ್ದವು. 2018ರ ಡಿಸೆಂಬರಿನಲ್ಲಿ ಬೀಜಿಂಗಿನ ಚಳಿಯಲ್ಲಿ ಜನ ತಮ್ಮ ಠೇವಣಿ ವಾಪಸ್ ಕೇಳಲು ಓಫೊ ಕಚೇರಿಯ ಮುಂದೆ ಸಾಲು ನಿಂತರು. ನಿಯಮ ತಡವಾಗಿ ಬಂದಾಗ ಆಗುವುದು ಇದು. ಕಂಪನಿ ಮುಳುಗುತ್ತದೆ, ಗುಡ್ಡ ಊರಿಗೆ ಉಳಿಯುತ್ತದೆ.

ಸಿಂಗಪುರ ಮಾಡಿದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ನಮಗೆ ಬೇಕಾದ್ದು ಅಲ್ಲಿದೆ. 2018ರಲ್ಲಿ ಅವರು ಕಾಯ್ದೆ ತಿದ್ದಿ ಪರವಾನಗಿ ಪದ್ಧತಿ ತಂದರು. ನೆಲದ ಮೇಲೆ ಬಣ್ಣದಲ್ಲಿ ಚೌಕ ಬರೆದರು, ಪ್ರತಿ ಚೌಕದ ಹತ್ತಿರ ಒಂದು ಕ್ಯೂಆರ್ ಕೋಡ್ ಅಂಟಿಸಿದರು. 2019ರಿಂದ, ಸೈಕಲ್ಲನ್ನು ಚೌಕದಲ್ಲಿ ನಿಲ್ಲಿಸಿ ಆ ಕೋಡನ್ನು ಸ್ಕ್ಯಾನ್ ಮಾಡಿದರೆ ಮಾತ್ರ ಸವಾರಿ ಮುಗಿದಂತೆ. ಮಾಡದಿದ್ದರೆ ಐದು ಸಿಂಗಪುರ ಡಾಲರ್ ಹೆಚ್ಚುವರಿ ಶುಲ್ಕ. ಇದರಲ್ಲಿ ಜನ ಗಮನಿಸುವುದು ದಂಡವನ್ನು. ನಾನು ಗಮನಿಸುವುದು ಇನ್ನೊಂದು ಭಾಗವನ್ನು. ಯಾವ ಕಂಪನಿ ಎಷ್ಟು ಸೈಕಲ್ ಇಡಬಹುದು ಅನ್ನುವ ಸಂಖ್ಯೆಯನ್ನು ಸರ್ಕಾರ ನಿಗದಿ ಮಾಡುತ್ತದೆ, ಮತ್ತು ಅಡ್ಡಾದಿಡ್ಡಿ ನಿಲುಗಡೆಯನ್ನು ಆ ಕಂಪನಿ ಎಷ್ಟು ಚೆನ್ನಾಗಿ ನಿಭಾಯಿಸುತ್ತದೆ ಅನ್ನುವುದನ್ನು ಅದಕ್ಕಾಗಿ ನೋಡುತ್ತದೆ. ಅಂದರೆ ಹೊಂಗೆ ಮರಕ್ಕೆ ಒರಗಿದ ಪ್ರತಿ ಸೈಕಲ್ಲೂ ಕಂಪನಿಯ ಹೊಟ್ಟೆಗೆ ತಾಗುತ್ತದೆ. ನಿಭಾಯಿಸಲಾರದವರು ಹೊರಟುಹೋದರು. ಸೈಕಲ್ ಮಾತ್ರ ಹೋಗಲಿಲ್ಲ, ಉಳಿದ ಕಂಪನಿಗಳು ನಡೆಸುತ್ತಿವೆ.

ಕೋಡ್ ಯಾಕೆ, ಫೋನಿನ ಜಿಪಿಎಸ್ ಇದೆಯಲ್ಲ ಅಂತ ಎಂಜಿನಿಯರಿಂಗ್ ಓದುವ ಹುಡುಗರು ಕೇಳುತ್ತೀರಿ. ಎತ್ತರದ ಕಟ್ಟಡ, ಒತ್ತಾದ ಮರಗಳ ನಡುವೆ ಜಿಪಿಎಸ್ ಹಲವು ಮೀಟರ್ ಅತ್ತಿತ್ತ ಓಲಾಡುತ್ತದೆ. ನಮ್ಮ ಫುಟ್‌ಪಾತಿನ ಅಗಲವೇ ಎರಡು ಮೀಟರ್ ಇದ್ದರೆ ಪುಣ್ಯ. ಸೈಕಲ್ ಚೌಕದಲ್ಲಿದೆಯೋ, ಫುಟ್‌ಪಾತಿನ ನಡುವೆ ಇದೆಯೋ, ಪಕ್ಕದ ಕಾಂಪೌಂಡಿನೊಳಗಿದೆಯೋ ಅದಕ್ಕೆ ತಿಳಿಯುವುದಿಲ್ಲ. ಒಮ್ಮೆ ನಾನು ಚೌಕದೊಳಗೇ ನಿಂತಿದ್ದರೂ ಆ್ಯಪ್ ‘ನೀವು ವಲಯದ ಹೊರಗಿದ್ದೀರಿ’ ಅಂತ ಹತ್ತು ನಿಮಿಷ ಹಟ ಹಿಡಿಯಿತು, ಬಾಡಿಗೆ ಓಡುತ್ತಲೇ ಇತ್ತು. ಪಕ್ಕದ ಎಳನೀರಿನವರು ಸಾಕ್ಷಿಗೆ ಬರುತ್ತೇನೆ ಅಂದರು!

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಶುರುವಾಯಿತು. 450 ಸೈಕಲ್, 48 ನಿಲ್ದಾಣ. ಸೈಕಲ್ಲನ್ನು ಒಂದು ನಿಲ್ದಾಣದಿಂದ ತೆಗೆದು ಇನ್ನೊಂದು ನಿಲ್ದಾಣದ ಕೊಂಡಿಗೆ ಸಿಕ್ಕಿಸಬೇಕು. ನಿಲುಗಡೆಯ ಪ್ರಶ್ನೆಯನ್ನು ಕಬ್ಬಿಣದಲ್ಲೇ ಬಗೆಹರಿಸಿದ ವ್ಯವಸ್ಥೆ. ಅದಕ್ಕೂ ಅದರದ್ದೇ ಕಿರಿಕಿರಿ ಇದೆ. ನೀವು ಹೋಗಬೇಕಾದ ಕಡೆ ನಿಲ್ದಾಣ ಇರಬೇಕು, ಇದ್ದರೂ ಕೊಂಡಿ ಖಾಲಿ ಇರಬೇಕು. ಕಟ್ಟುವ ಖರ್ಚು ಜಾಸ್ತಿ, ಹೊಸ ಜಾಗಕ್ಕೆ ಹರಡುವುದು ನಿಧಾನ. ಬೆಂಗಳೂರಿಗೆ ಅದೇ ಬೇಕು ಅಂತ ನಾನು ಹೇಳುತ್ತಿಲ್ಲ. ಕೊಂಡಿ ಬೇಡ, ಬಣ್ಣದ ಚೌಕ ಸಾಕು. ಆದರೆ ಚೌಕ ಎಲ್ಲಿ?

ಜಗಳ ಇರುವುದು ಇಲ್ಲೇ. ನಮ್ಮಲ್ಲೂ ಪರವಾನಗಿ, ಗುರುತು ಮಾಡಿದ ತಾಣ ಎಂಬ ಮಾತು 2018ರಿಂದಲೇ ಇದೆ. ಯೋಚನೆ ಸರಿಯಾದದ್ದೇ. ಆದರೆ ತಾಣ ಅಂದಕೂಡಲೇ ನಮಗೆ ನೆನಪಾಗುವುದು ಫುಟ್‌ಪಾತು. ಟ್ರಾನ್ಸ್‌ಫಾರ್ಮರ್ ಅಲ್ಲಿ, ಕಸದ ಬುಟ್ಟಿ ಅಲ್ಲಿ, ಜಾಹೀರಾತಿನ ಕಂಬ ಅಲ್ಲಿ, ಈಗ ಸೈಕಲ್ಲೂ ಅಲ್ಲೇ. ದೃಷ್ಟಿಯಿಲ್ಲದವರಿಗೆಂದು ಹಾಸಿದ ಉಬ್ಬುಗೆರೆಯ ಹಳದಿ ಹೆಂಚುಗಳ ಮೇಲೇ ಸಾಲಾಗಿ ಗಾಡಿ ನಿಲ್ಲಿಸಿರುವುದನ್ನು ನೀವೂ ನೋಡಿರುತ್ತೀರಿ. ಫುಟ್‌ಪಾತಿನ ಮೇಲೆ ನಡೆಯುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಅಂತ 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೈಕಲ್ಲಿಗೆ ಕೊಡುವ ಜಾಗವನ್ನು ಆ ಹಕ್ಕಿನಿಂದ ಕತ್ತರಿಸಿ ಕೊಡುವ ಹಾಗಿಲ್ಲ.

ರಸ್ತೆಯಿಂದ ಕತ್ತರಿಸಿ ಕೊಡಿ. ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಹತ್ತು ಸೈಕಲ್ ನಿಲ್ಲುತ್ತವೆ. ಅಡ್ಡರಸ್ತೆ ಸೇರುವ ಮೂಲೆಯಲ್ಲಿ ಕಾರು ನಿಲ್ಲಿಸುವುದು ಹೇಗೂ ತಪ್ಪು, ಯಾಕೆಂದರೆ ದಾಟುವವರು ಮತ್ತು ಓಡಿಸುವವರು ಒಬ್ಬರಿಗೊಬ್ಬರು ಕಾಣಿಸುವುದಿಲ್ಲ. ಸೈಕಲ್ ತಗ್ಗು, ಅದರ ಮೇಲಿಂದ ಕಾಣಿಸುತ್ತದೆ. ಆ ಮೂಲೆಗಳಲ್ಲಿ, ರಸ್ತೆಯ ಮಟ್ಟದಲ್ಲಿ, ಸುತ್ತ ನಾಲ್ಕು ಗಟ್ಟಿ ಗೂಟ ನೆಟ್ಟು ಚೌಕ ಮಾಡಿ. ಗೂಟ ಗಟ್ಟಿಯಿರಬೇಕು ಅಂತ ಒತ್ತಿ ಹೇಳುತ್ತೇನೆ, 2020ರಲ್ಲಿ ಹೊರವರ್ತುಲ ರಸ್ತೆಯ ಸೈಕಲ್ ಪಥಕ್ಕೆ ನೆಟ್ಟ ಗೂಟಗಳ ಗತಿ ನೋಡಿದ್ದೇನೆ. ಇನ್ನೂರು ಮುನ್ನೂರು ಮೀಟರಿಗೊಂದು ಚೌಕವಿದ್ದರೆ ಯಾರಿಗೂ ಮೂರು ನಿಮಿಷಕ್ಕಿಂತ ಹೆಚ್ಚು ನಡೆಯಬೇಕಾಗುವುದಿಲ್ಲ. ಚೌಕವನ್ನು ಮೊದಲು ಕೊಟ್ಟು ಆಮೇಲೆ ದಂಡ ಹಾಕಿ. ಜಾಗವನ್ನೇ ಕೊಡದೆ ದಂಡ ಹಾಕುವುದು ಶೌಚಾಲಯ ಕಟ್ಟದೆ ಗೋಡೆಯ ಮೇಲೆ ದೇವರ ಪಟ ಅಂಟಿಸಿದ ಹಾಗೆ.

ಅಂಗಡಿಯವರು ಒಪ್ಪುವುದಿಲ್ಲ ಅನ್ನುತ್ತಾರೆ. ಒಂದು ಕಾರಿನಲ್ಲಿ ಬರುವ ಗಿರಾಕಿ ಎಷ್ಟು, ಹತ್ತು ಸೈಕಲ್ಲಿನಲ್ಲಿ ಬರುವವರು ಎಷ್ಟು ಅಂತ ಅವರೇ ಎಣಿಸಲಿ. ಅದಕ್ಕಿಂತ ಹೆಚ್ಚು ಇದಕ್ಕೆ ಉತ್ತರ ಬೇಕಿಲ್ಲ.

ದಂಡದ ವಿಷಯದಲ್ಲಿ ಮಾತ್ರ ನಾನು ಹಟ ಮಾಡುತ್ತೇನೆ. ಅದು ಮೊದಲು ಕಂಪನಿಯ ಮೇಲೆ ಬೀಳಬೇಕು. ಇವತ್ತು ಈ ವಿದ್ಯುತ್ ಗಾಡಿಗಳನ್ನು ಬೆಳಗಿನಿಂದ ರಾತ್ರಿವರೆಗೆ ಓಡಿಸುತ್ತಿರುವವರಲ್ಲಿ ನನ್ನಂಥ ಮೇಷ್ಟರಿಗಿಂತ ಊಟ, ದಿನಸಿ ತಲುಪಿಸುವ ಹುಡುಗರೇ ಹೆಚ್ಚಾಗಿ ಕಾಣುತ್ತಾರೆ. ಗಾಡಿಗೆ ದಿನದ ಬಾಡಿಗೆ, ಪ್ರತಿ ಆರ್ಡರಿಗೆ ನಿಮಿಷದ ಲೆಕ್ಕ. ಮೂರನೇ ಮಹಡಿಗೆ ಹಾಲಿನ ಪ್ಯಾಕೆಟ್ ಕೊಟ್ಟು ಇಳಿಯುವಷ್ಟರಲ್ಲಿ ನೂರು ರೂಪಾಯಿ ದಂಡ ಬಿದ್ದಿದ್ದರೆ ಅವನ ಎಷ್ಟು ಆರ್ಡರಿನ ದುಡಿಮೆ ಹೋಯಿತು? ಬೇಗ ಬಾ ಅಂತ ಅವನನ್ನು ಓಡಿಸಿದ್ದು ಇನ್ನೊಂದು ಕಂಪನಿ, ಅಂದರೆ ನಾವು. ಸುಲಭವಾಗಿ ಸಿಗುವವನ ಜೇಬಿಗೆ ಕೈ ಹಾಕುವ ನಿಯಮ ಬಂದರೆ ನಾನೇ ಗೆಳೆಯರ ಪತ್ರಕ್ಕೆ ಮೊದಲ ಸಹಿ ಹಾಕುತ್ತೇನೆ.

ಇನ್ನೊಂದು ತೊಡಕು ಹೊಸದು. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಪಾಲಿಕೆ ಒಂದಲ್ಲ, ಐದು. ಬೆಳಿಗ್ಗೆ ದಕ್ಷಿಣ ಪಾಲಿಕೆಯಲ್ಲಿ ಬೀಗ ತೆಗೆದ ಗಾಡಿ ಮಧ್ಯಾಹ್ನ ಕೇಂದ್ರದಲ್ಲಿ, ರಾತ್ರಿ ಪಶ್ಚಿಮದಲ್ಲಿ. ಒಂದೊಂದು ಪಾಲಿಕೆ ಒಂದೊಂದು ನಿಯಮ, ಒಂದೊಂದು ಬಣ್ಣದ ಚೌಕ ಮಾಡಿದರೆ ಸವಾರ ಯಾವ ಗಡಿಯಲ್ಲಿದ್ದೇನೆ ಅಂತ ಕಂಬದ ಮೇಲಿನ ಬೋರ್ಡು ಓದುತ್ತಾ ನಿಲ್ಲಬೇಕು. ಐದರ ಮೇಲೆ ಒಂದು ಪ್ರಾಧಿಕಾರ ಇದೆಯಲ್ಲ, ಇಂಥದ್ದಕ್ಕಾದರೂ ಅದು ಉಪಯೋಗಕ್ಕೆ ಬರಲಿ.

ಮೊನ್ನೆ ಸಂಜೆ ಕಾಲೇಜು ಬಿಟ್ಟು ಬರುವಾಗ ಅದೇ ಹೊಂಗೆ ಮರದ ಹತ್ತಿರ ಐದು ವಿದ್ಯುತ್ ಗಾಡಿಗಳು ಅಡ್ಡಡ್ಡ ನಿಂತಿದ್ದವು. ಬ್ಯಾಗ್ ಕೆಳಗಿಟ್ಟು ಒಂದನ್ನು ಎತ್ತಿ ಕಾಂಪೌಂಡ್ ಗೋಡೆಗೆ ಒತ್ತರಿಸಿದೆ. ಎರಡನೆಯದನ್ನೂ ಸರಿಸಿದೆ. ಮೂರನೆಯದರ ಹ್ಯಾಂಡಲ್ ಮುಟ್ಟಿದ್ದೇ ತಡ, ಅದು ಕಿಯ್ಯೋ ಅಂತ ಅಲಾರಂ ಹೊಡೆದುಕೊಳ್ಳಲು ಶುರುಮಾಡಿತು. ಗೇಟಿನ ಸೆಕ್ಯುರಿಟಿಯವರು ಓಡಿ ಬಂದರು, ಎದುರಿನ ಬೇಕರಿಯಿಂದ ನಾಲ್ಕು ಜನ ತಿರುಗಿ ನೋಡಿದರು. ಅವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿಗಳು. “ಸಾರ್, ನಿಮ್ಮದಾ ಗಾಡಿ?” ಅಂತ ಒಬ್ಬ ಕೇಳಿದ. ಅಲ್ಲ ಅಂದೆ. ಮತ್ತೆ ಯಾಕೆ ಮುಟ್ಟಿದಿರಿ ಅನ್ನುವ ಪ್ರಶ್ನೆ ಅವನ ಮುಖದ ಮೇಲಿತ್ತು. ಅಲಾರಂ ನಿಲ್ಲುವವರೆಗೆ ಮಾತಾಡಲು ಆಗಲಿಲ್ಲ. ನಿಂತ ಮೇಲೆ ಅವನೇ ಬಂದು ಹಿಂದಿನ ಚಕ್ರ ಹಿಡಿದ, ನಾನು ಮುಂದಿನದನ್ನು ಹಿಡಿದೆ.